ಕಾರಿನ ಫ್ಲೋರ್‌ನ ಹಳೇ ಡಾಂಬರ್ ಹಾಳೆ ಕೀಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು 2003ರ ಮಾರುತಿ 800, ಕೆಎ-32, ಅಂದರೆ ಕಲಬುರಗಿಯ ಗಾಡಿ. ಹದಿನೈದು ವರ್ಷ ತುಂಬಿ ಆರ್‌ಸಿ ರಿನ್ಯೂ ಮಾಡಿಸುವ ಹೊತ್ತಿಗೆ, ಕಾರ್ಪೆಟ್ ಕೆಳಗೆ ಏನಿದೆ ಅಂತ ಒಮ್ಮೆ ನೋಡೋಣ ಎಂದು ಸೀಟು ಬಿಚ್ಚಿದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ, ಮೂರು ಭಾನುವಾರ ಹಿಡಿಯಿತು. ಆಮೇಲೆ ಸಂಬಂಧಿಕರ ಓಮ್ನಿ, ಬೀದರ್‌ನಲ್ಲಿರುವ ಭಾವನ ಜೀಪು ಎಂದು ಇದೇ ಕೆಲಸ ಮತ್ತೆ ಮತ್ತೆ ಮಾಡಬೇಕಾಯಿತು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಗೆಳೆಯರು ಫೋನ್ ಮಾಡಿ ಕೇಳಿದ್ದನ್ನೇ ಕೇಳುತ್ತಾರೆ. ಎಲ್ಲಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಕಾರ್ಪೆಟ್ ಕೆಳಗೆ ಕರಿ ಹಪ್ಪಳದಂತೆ ಅಂಟಿಕೊಂಡಿದೆಯಲ್ಲ, ಅದು ಏನು?

ಅದು ಡಾಂಬರಿಗೆ ಸುಣ್ಣದಕಲ್ಲಿನ ಪುಡಿಯಂಥದ್ದು ಬೆರೆಸಿ ಮಾಡಿದ ಹಾಳೆ. ನಮ್ಮ ಮಿಸ್ತ್ರಿಗಳು ಟಾರ್ ಶೀಟ್ ಅನ್ನುತ್ತಾರೆ. ಕಂಪನಿಯಲ್ಲಿ ಬಾಡಿಗೆ ಪೇಂಟ್ ಹೊಡೆದು ಒಲೆಯೊಳಗೆ ಬಿಡುವಾಗ ಈ ಹಾಳೆಯೂ ಕರಗಿ ತಗಡಿಗೆ ಕಚ್ಚಿಕೊಳ್ಳುತ್ತದೆ.

ಇದು ಶಬ್ದವನ್ನು ತಡೆಯುವ ಗೋಡೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ತೆಳು ತಗಡು ನಡುಗಿದರೆ ತಮಟೆಯ ಹಾಗೆ ಸದ್ದು ಮಾಡುತ್ತದೆ. ತಮಟೆಯ ಮೇಲೆ ಅಂಗೈ ಇಟ್ಟರೆ ಸದ್ದು ಸತ್ತುಹೋಗುತ್ತದಲ್ಲ, ಈ ಹಾಳೆಯ ಕೆಲಸವೂ ಅದೇ. ತಗಡಿನ ನಡುಕವನ್ನು ಹೀರಿಕೊಂಡು ಒಂಚೂರು ಬಿಸಿಯಾಗಿ ಬದಲಿಸಿಬಿಡುತ್ತದೆ. ಶಬ್ದವನ್ನು ನಿಜವಾಗಿ ತಡೆಯುವುದು ಅದರ ಮೇಲಿನ ಫೆಲ್ಟ್, ಸ್ಪಂಜು ಮತ್ತು ಕಾರ್ಪೆಟ್.

ಅದನ್ನು ಕೀಳಲೇಬೇಕಾ?

ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಟ್ಟಿಯಾಗಿ ಅಂಟಿಕೊಂಡ, ಬಿರುಕಿಲ್ಲದ, ಕೆಳಗೆ ನೀರು ಹೋಗದ ಹಾಳೆಯನ್ನು ಸುಮ್ನೆ ಕೀಳಬೇಡಿ. ಅದರ ಕೆಳಗಿನ ತಗಡು ಇಪ್ಪತ್ತು ವರ್ಷದ ಮೇಲೂ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ತೊಂದರೆ ಕೊಡುವುದು ಹಾಳೆಯಲ್ಲ, ಅದರ ಕೆಳಗೆ ನುಗ್ಗಿ ಕೂತ ನೀರು.

ಸ್ಕ್ರೂ ಡ್ರೈವರ್‌ನ ಹಿಡಿಯಿಂದ ಫ್ಲೋರ್ ಮೇಲೆ ಅಲ್ಲಲ್ಲಿ ತಟ್ಟಿ ನೋಡಿ. ಡಬ್ ಡಬ್ ಅಂತ ಮಂದ ಸದ್ದು ಬಂದರೆ ಹಾಳೆ ಗಟ್ಟಿಯಾಗಿದೆ. ಟಕ್ ಟಕ್ ಅಂತ ಪೊಳ್ಳು ಸದ್ದು ಬಂದರೆ ಹಾಳೆ ಬಿಟ್ಟುಕೊಂಡಿದೆ. ಮೂಲೆ ಎದ್ದಿದ್ದರೆ, ಅಂಚಿನಲ್ಲಿ ಕಂದು ಗೆರೆ ಕಂಡರೆ, ಒತ್ತಿದಾಗ ಕರಕರ ಅಂದರೆ ಅಲ್ಲಿ ಕೀಳಿ. ವೆಲ್ಡಿಂಗ್ ಮಾಡಿಸುವ ಜಾಗದಲ್ಲೂ ಕೀಳಲೇಬೇಕು. ನನ್ನ 800ರಲ್ಲಿ ಮುಂದಿನ ಎರಡು ಕಾಲಿಡುವ ಗುಂಡಿಗಳಲ್ಲಿ ಮಾತ್ರ ಕಿತ್ತೆ. ಹಿಂದಿನದು ಇವತ್ತಿಗೂ ಹಾಗೇ ಇದೆ.

ನಮ್ಮ ಕಡೆ ಮಳೆಯೇ ಕಡಿಮೆ. ಒಳಗೆ ನೀರು ಎಲ್ಲಿಂದ ಬರಬೇಕು?

ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ನಾನೂ ಹೀಗೇ ವಾದ ಮಾಡಿದ್ದೆ.

ಮೊದಲನೆಯದು ಎಸಿ. ನಮ್ಮ ಊರಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಎಸಿ ಬಿಟ್ಟು ಗಾಡಿ ಓಡುವುದಿಲ್ಲ. ಎಸಿಯ ನೀರು ಹೊರಗೆ ಹೋಗುವ ಸಣ್ಣ ರಬ್ಬರ್ ಪೈಪು ಧೂಳಿನಿಂದ ಕಟ್ಟಿಕೊಂಡರೆ ಆ ನೀರೆಲ್ಲ ಮುಂದಿನ ಎಡಗಡೆ ಕಾರ್ಪೆಟ್ ಕೆಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಎಸಿ ಓಡುತ್ತಿರುವ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿಲ್ಲ ಅಂದರೆ ಖುಷಿಪಡಬೇಡಿ, ಅದು ಒಳಗೆ ತೊಟ್ಟಿಕ್ಕುತ್ತಿರಬಹುದು.

ಎರಡನೆಯದು ಬೇವಿನ ಎಲೆ. ನೆರಳಿಗೆ ಅಂತ ಬೇವಿನ ಮರದ ಕೆಳಗೆ ನಿಲ್ಲಿಸುತ್ತೇವೆ. ಎಲೆ, ಹೂವು, ಬೇವಿನ ಹಣ್ಣು ಎಲ್ಲ ವೈಪರ್ ಕೆಳಗಿನ ಜಾಲರಿಯೊಳಗೆ ಹೋಗಿ ಕೊಳೆತು ಗೊಬ್ಬರವಾಗುತ್ತವೆ. ನೀರು ಹೋಗುವ ದಾರಿ ಮುಚ್ಚುತ್ತದೆ, ಜೋರು ಮಳೆ ಬಂದ ದಿನ ಅದು ಒಳದಾರಿ ಹಿಡಿಯುತ್ತದೆ. ನನ್ನ ಕಾರಿನಲ್ಲಿ ಆ ಜಾಲರಿಯ ಕೆಳಗೆ ಎರಡು ಮುಷ್ಟಿ ಕರಿ ಮಣ್ಣು ಸಿಕ್ಕಿತು. ಅದರಲ್ಲಿ ಒಂದು ಬೇವಿನ ಸಸಿ ಎರಡೆಲೆ ಬಿಟ್ಟಿತ್ತು!

ಮುಂದಿನ ಗಾಜಿನ ಗಮ್, ಬಾಗಿಲೊಳಗಿನ ಹರಿದ ಪ್ಲಾಸ್ಟಿಕ್ ಹಾಳೆ, ಫ್ಲೋರ್‌ನ ಬಿದ್ದುಹೋದ ರಬ್ಬರ್ ಪ್ಲಗ್ಗು, ಇವು ಉಳಿದ ದಾರಿಗಳು. ನೀರಿನ ದಾರಿ ಹುಡುಕದೆ ಹಾಳೆ ಕಿತ್ತು ಪೇಂಟ್ ಹೊಡೆದರೆ ಎರಡು ವರ್ಷದಲ್ಲಿ ಮತ್ತೆ ಅಲ್ಲಿಗೇ ಬರುತ್ತೀರಿ.

ಯಾವ ಕಾಲದಲ್ಲಿ ಮಾಡಿದರೆ ಒಳ್ಳೆಯದು?

ಡಿಸೆಂಬರ್, ಜನವರಿ. ಅದೂ ಬೆಳಗಿನ ಜಾವ.

ಡಾಂಬರ್ ತಣ್ಣಗಿದ್ದರೆ ಬೆಲ್ಲದಚ್ಚಿನ ಹಾಗೆ, ಏಟು ಬಿದ್ದರೆ ಚೂರಾಗುತ್ತದೆ. ಬಿಸಿಯಾದರೆ ಅದೇ ಬೆಲ್ಲದ ಪಾಕ, ಕೆರೆಯುವ ಪಟ್ಟಿಗೂ ಕೈಗೂ ಅಂಗಿಗೂ ಮೆತ್ತಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ 60 ದಾಟುತ್ತದೆ. ಆಗ ಕೈ ಹಾಕಿದರೆ ನಿಮ್ಮ ಪಾಡು ಯಾರಿಗೂ ಬೇಡ. ಬೀದರ್‌ನವರ ಪುಣ್ಯ ದೊಡ್ಡದು. ಅಲ್ಲಿ ಚಳಿಗಾಲದ ಬೆಳಿಗ್ಗೆ 10 ಡಿಗ್ರಿಯ ಹತ್ತಿರ ಹೋಗುತ್ತದೆ. ಭಾವನ ಜೀಪನ್ನು ರಾತ್ರಿ ಬಾಗಿಲು ತೆರೆದು ಹೊರಗೇ ನಿಲ್ಲಿಸಿ, ಬೆಳಿಗ್ಗೆ ಆರಕ್ಕೆ ಶುರು ಮಾಡಿದೆವು. ಎಂಟೂವರೆಗೆ ಬಿಸಿಲು ಬಿತ್ತು. ಅಷ್ಟರಲ್ಲಿ ಮುಕ್ಕಾಲು ಭಾಗ ಬಂದಿತ್ತು. ಉಳಿದ ಕಾಲು ಭಾಗಕ್ಕೆ ಆಮೇಲೆ ಇಡೀ ದಿನ ಹೋಯಿತು.

ಶುರು ಮಾಡುವ ಮುಂಚೆ ಏನೇನು ಬಿಚ್ಚಬೇಕು?

ಬ್ಯಾಟರಿಯ ಮೈನಸ್ ವೈರು ಮೊದಲು. ಏರ್‌ಬ್ಯಾಗ್ ಇರುವ ಗಾಡಿಯಾದರೆ ವೈರು ತೆಗೆದು ಹತ್ತು-ಹದಿನೈದು ನಿಮಿಷ ಕಾಯಿರಿ, ಒಂದು ಚಹಾ ಕುಡಿಯಿರಿ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್ ಅಥವಾ ಬೆಲ್ಟಿನದು. ಬ್ಯಾಟರಿ ಜೋಡಿಸಿಕೊಂಡು ಅದನ್ನು ಎಳೆಯಬೇಡಿ.

ಆಮೇಲೆ ಸೀಟು. ಹೆಚ್ಚಿನ ಗಾಡಿಗಳಲ್ಲಿ 12 ಅಥವಾ 14 ನಂಬರ್ ಪಾನಾ ಸಾಕು. ಬೋಲ್ಟಿಗೆ ಜಂಗು ಹಿಡಿದಿದ್ದರೆ ಹಿಂದಿನ ದಿನವೇ ಡಬ್ಲ್ಯೂಡಿ-40 ಹೊಡೆದಿಡಿ. ಅದರ ನಟ್ಟನ್ನು ತಗಡಿನ ಕೆಳಗೇ ವೆಲ್ಡ್ ಮಾಡಿರುತ್ತಾರೆ. ಜೋರು ಮಾಡಿ ಅದು ಕಿತ್ತು ತಿರುಗಿದರೆ ಇನ್ನೊಂದು ಕೆಲಸ ತಲೆಗೆ ಬಂದಂತೆ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ, ಬೆಲ್ಟಿನ ಬೋಲ್ಟು, ಗೇರ್ ಸುತ್ತಲಿನ ಕವರ್, ಕೊನೆಗೆ ಕಾರ್ಪೆಟ್. ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ.

ಕಾರ್ಪೆಟ್ ಕೆಳಗೆ ವೈರಿನ ಕಟ್ಟು ಹಾಯ್ದಿರುತ್ತದೆ. ನಾನು ಮೊದಲ ದಿನದ ಹುಮ್ಮಸ್ಸಿನಲ್ಲಿ ಪಟ್ಟಿ ಹೊಡೆದು ಹಿಂದಿನ ಲೈಟಿನ ವೈರು ಕತ್ತರಿಸಿದೆ. ಪಕ್ಕದ ಮನೆಯ ಕಾಕಾ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. "ತಮ್ಮಾ, ಗಾಡಿ ರಿಪೇರಿ ಮಾಡ್ಲಾಕತ್ತೀಯೋ, ಕೆಡಸಾಕತ್ತೀಯೋ?" ಅಂದರು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಡ್ರೈ ಐಸ್ ಹಾಕಿದರೆ ಸುಲಭ ಅಂತಾರೆ. ನಮ್ಮಲ್ಲಿ ಸಿಗುತ್ತದಾ?

ಸುಲಭ ಅನ್ನುವುದು ನಿಜ. ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಅದನ್ನು ಸಣ್ಣ ಚೂರು ಮಾಡಿ ಹಾಳೆಯ ಮೇಲೆ ಒಂದು ಇಂಚು ದಪ್ಪ ಹರಡಿ ಹತ್ತು-ಹದಿನೈದು ನಿಮಿಷ ಬಿಟ್ಟರೆ ಡಾಂಬರ್ ಗಾಜಿನಂತಾಗುತ್ತದೆ. ತಣ್ಣಗಾದಾಗ ಡಾಂಬರ್ ತಗಡಿಗಿಂತ ಜಾಸ್ತಿ ಕುಗ್ಗುತ್ತದೆ, ಅದಕ್ಕೇ ಅಂಟು ಬಿಡುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ದೊಡ್ಡ ದೊಡ್ಡ ಚಕ್ಕೆ ಏಳುತ್ತದೆ, ಕೆಳಗೆ ಅಂಟೂ ಉಳಿಯುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಮಾತ್ರ ಇಷ್ಟು ಚೆಂದ. ಇಳಿಜಾರಿನಲ್ಲಿ ಚೂರು ನಿಲ್ಲುವುದಿಲ್ಲ, ಬಟ್ಟೆಯ ಚೀಲಕ್ಕೆ ತುಂಬಿ ಒತ್ತಿ ಇಡಬೇಕು.

ನಾನು ಹೈದರಾಬಾದ್‌ನಿಂದ ತರಿಸಿದೆ. ದಾರಿಯಲ್ಲೇ ಅದು ಆವಿಯಾಗುತ್ತಾ ಹೋಗುತ್ತದೆ. ಥರ್ಮಾಕೋಲ್ ಡಬ್ಬಿಯಲ್ಲಿಟ್ಟರೂ ಒಂದು ದಿನಕ್ಕೆ 2ರಿಂದ 4 ಕೆಜಿ ಮಾಯ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಬೆಳಿಗ್ಗೆ ತಂದು ಮಧ್ಯಾಹ್ನ ಕೆಲಸ ಮುಗಿಸಬಹುದು. ಯಾದಗಿರಿ, ಸುರಪುರ ಕಡೆಯವರಿಗೆ ಇಷ್ಟು ಖರ್ಚು, ಓಡಾಟ ಬೇಕಾ ಅಂತ ನನಗೇ ಅನುಮಾನ.

ಎಚ್ಚರಿಕೆ ಮಾತ್ರ ಬಿಡಬೇಡಿ. ಅದರ ಅನಿಲ ಗಾಳಿಗಿಂತ ಭಾರ, ಕಾಲಿಡುವ ಗುಂಡಿಯಲ್ಲೇ ಕೂರುತ್ತದೆ. ನಾಲ್ಕೂ ಬಾಗಿಲು ತೆರೆದಿಡಿ, ಗುಂಡಿಯೊಳಗೆ ತಲೆ ತಗ್ಗಿಸಿ ಕೂರಬೇಡಿ. ತರುವಾಗ ಕಾರಿನ ಗಾಜು ಇಳಿಸಿರಬೇಕು. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರೆ ಡಬ್ಬಿ ಸಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗಾಗುತ್ತದೆ, ದಪ್ಪ ಒಣ ಗ್ಲೋವ್ಸ್ ಬೇಕು. ಕೆಲಸ ಮುಗಿದ ಮೇಲೆ ತಣ್ಣನೆ ತಗಡಿನ ಮೇಲೆ ಗಾಳಿಯ ತೇವ ಹನಿಯಾಗಿ ನಿಲ್ಲುತ್ತದೆ, ಒರೆಸಿ.

ಕುಲ್ಫಿಯವರ ಹಾಗೆ ಐಸಿಗೆ ಉಪ್ಪು ಹಾಕಿದರೆ?

ತಣ್ಣಗಾಗುತ್ತದೆ, ನಿಜ. ಆದರೆ ತುಕ್ಕು ತೆಗೆಯಲು ಹೊರಟವರು ತಗಡಿಗೆ ಉಪ್ಪುನೀರು ಕುಡಿಸುವುದಾ? ಮಾಡುವುದಾದರೆ ಎರಡು ಪದರ ಪ್ಲಾಸ್ಟಿಕ್ ಕವರ್‌ಗೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ ಇಡಿ. ಅಂಗೈಯಷ್ಟು ಜಾಗಕ್ಕೆ ಪರವಾಗಿಲ್ಲ, ಇಡೀ ಫ್ಲೋರ್‌ಗೆ ಆಗದ ಮಾತು.

ಹೀಟ್ ಗನ್ ಬಳಸಬಹುದಾ?

ಬಳಸಬಹುದು. ತಣ್ಣಗೆ ಮಾಡಲು ಆಗದವರಿಗೆ ಇರುವ ದಾರಿ ಇದೇ. ಗುಟ್ಟು ಏನೆಂದರೆ, ಕರಗಿಸಬೇಡಿ. ಹಾಳೆ ಚಪಾತಿಯಷ್ಟು ಮೆತ್ತಗಾದರೆ ಸಾಕು, ಅಗಲ ಪಟ್ಟಿಯನ್ನು ಮಲಗಿಸಿ ಕೆಳಗೆ ನೂಕಿದರೆ ಸುರುಳಿಯಾಗಿ ಏಳುತ್ತದೆ. ಹೊಗೆ ಬಂತು ಅಂದರೆ ಬಿಸಿ ಜಾಸ್ತಿಯಾಯಿತು. ಆ ಹೊಗೆ ಕುಡಿಯಬೇಡಿ.

ಫ್ಲೋರ್‌ನ ಕೆಳಗಡೆ ಏನಿದೆ ಅನ್ನುವುದನ್ನು ಮೊದಲು ಬಗ್ಗಿ ನೋಡಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು ಅಲ್ಲೇ ಹೋಗಿರುತ್ತವೆ. ಹಲವು ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೇ ಟ್ಯಾಂಕು. ಅಲ್ಲಿ ಹೀಟ್ ಗನ್ ಬೇಡವೇ ಬೇಡ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಯಾದರೆ ಅದರ ಪೈಪಿನ ದಾರಿಯನ್ನೂ ನೋಡಿಕೊಳ್ಳಿ. ವೆಲ್ಡರ್ ಬಳಿಯ ಗ್ಯಾಸ್ ಟಾರ್ಚ್ ಹಚ್ಚೋಣ ಅಂತ ಯಾರಾದರೂ ಅಂದರೆ ಅವರಿಗೆ ಚಹಾ ಕುಡಿಸಿ ಕಳಿಸಿ.

ಬರೀ ಉಳಿ, ಸುತ್ತಿಗೆ ಸಾಕಾ?

ತಣ್ಣನೆ ಬೆಳಿಗ್ಗೆಯಾದರೆ ಸಾಕು. ಉಳಿಯನ್ನು ನೆಟ್ಟಗೆ ಹಿಡಿಯಬೇಡಿ, ತಗಡಿಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಅದರ ಮೂಲೆಗಳನ್ನು ಮೊದಲೇ ಉಜ್ಜಿ ದುಂಡು ಮಾಡಿ, ಇಲ್ಲದಿದ್ದರೆ ತಗಡಿನಲ್ಲಿ ಗೀರು ಬೀಳುತ್ತದೆ. ಪ್ರತಿ ಗೀರೂ ನಾಳೆಯ ತುಕ್ಕು. ಕಣ್ಣಿಗೆ ಕನ್ನಡಕ ಬೇಕು. ಚೂರು ಬಂದೂಕಿನ ಗುಂಡಿನ ಹಾಗೆ ಹಾರುತ್ತದೆ.

ಮೇಲೆ ಉಳಿದ ಅಂಟು ಹೇಗೆ ತೆಗೆಯುವುದು? ಪೆಟ್ರೋಲ್ ಹಾಕಲಾ?

ಪೆಟ್ರೋಲ್ ಬೇಡ. ಅದರ ಆವಿ ಕಾರಿನ ಗುಂಡಿಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಪೇಂಟ್ ಅಂಗಡಿಯ ಟರ್ಪಂಟೈನ್ ಆಗುತ್ತದೆ. ಮನೆಯಲ್ಲಿ ಹಳೇ ಘಾಸಲೇಟ್ ಎಣ್ಣೆ, ಅಂದರೆ ಸೀಮೆಎಣ್ಣೆ, ಉಳಿದಿದ್ದರೆ ಅದೂ ಆಗುತ್ತದೆ. ಬಟ್ಟೆ ಅದ್ದಿ ಅಂಟಿನ ಮೇಲೆ ಹಾಸಿ ಹತ್ತು ನಿಮಿಷ ಬಿಡಿ, ಆಮೇಲೆ ಉಜ್ಜಿ. ಸುರಿಯಬೇಡಿ. ಸುರಿದರೆ ಕರಿ ನೀರು ಜೋಡಣೆಯ ಸಂದಿಗೆಲ್ಲ ಇಳಿದು ತಿಂಗಳುಗಟ್ಟಲೆ ನಾರುತ್ತದೆ. ಎರಡೂ ಎಣ್ಣೆ ಪಸೆ ಬಿಡುತ್ತವೆ. ಅದರ ಮೇಲೆ ಪ್ರೈಮರ್ ನಿಲ್ಲುವುದಿಲ್ಲ, ಕೊನೆಗೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಕಂಪನಿಯದಲ್ಲದೆ ಆಮೇಲೆ ಗ್ಯಾರೇಜಿನಲ್ಲಿ ಹೊಡೆಸಿದ ಪೇಂಟ್ ಇರುವ ಕಡೆ ಥಿನ್ನರ್ ಹುಷಾರು, ಪೇಂಟೇ ಎದ್ದು ಬರುತ್ತದೆ. ಬಾಗಿಲು ತೆರೆದಿರಲಿ, ಬೀಡಿ-ಸಿಗರೇಟು ದೂರ ಇರಲಿ.

ತಗಡು ಕೂಡುವ ಕಡೆ ಗೆರೆಯಂತೆ ಗಟ್ಟಿ ಪೇಸ್ಟ್ ಇದೆ. ಅದನ್ನೂ ಕೀಳಬೇಕಾ?

ಬೇಡ! ಅದು ಸೀಮ್ ಸೀಲರ್. ಎರಡು ತಗಡು ಕೂಡುವ ಸಂದಿಗೆ ನೀರು ಹೋಗದಂತೆ ಹಾಕಿದ್ದು. ಹಾಳೆ ಅಗಲವಾಗಿ, ಉಬ್ಬು-ತಗ್ಗಿನ ವಿನ್ಯಾಸದಲ್ಲಿ ಇರುತ್ತದೆ. ಸೀಲರ್ ಬೆರಳಗಲದ ಗೆರೆ. ಬಿರುಕು ಬಿಟ್ಟಿದ್ದರೆ ಮಾತ್ರ ಅಷ್ಟನ್ನು ತೆಗೆದು ಹೊಸದು ಹಾಕಿ.

ಬಹಳ ಹಳೇ ಗಾಡಿ. ಹಾಳೆ ಬೂದು ಬಣ್ಣ, ನಾರು ನಾರಾಗಿದೆ.

ಆಗ ನಿಲ್ಲಿಸಿ. ಹಳೇ ಕಾಲದ ಕೆಲವು ಗಾಡಿಗಳ ಹಾಳೆ, ಕೋಟಿಂಗ್, ಬಿಸಿ ತಡೆಯುವ ಪಟ್ಟಿಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕಣ್ಣಿಂದ ನೋಡಿ ಇದೆ, ಇಲ್ಲ ಅಂತ ಹೇಳಲಾಗದು. ಅದು ಗಟ್ಟಿಯಾಗಿದ್ದರೆ ಹಾಗೇ ಬಿಟ್ಟು ಮೇಲೆ ಮುಚ್ಚಿಬಿಡುವುದೇ ವಾಸಿ. ಗ್ರೈಂಡರ್, ವೈರ್ ಬ್ರಷ್ ಮುಟ್ಟಿಸಲೇಬೇಡಿ.

ಕೆಳಗೆ ತುಕ್ಕು ಸಿಕ್ಕಿತು. ಈಗ?

ಸಿಗುತ್ತದೆ ಅಂತಲೇ ತಾನೇ ಬಿಚ್ಚಿದ್ದು. ತುಕ್ಕಿನ ಮೇಲೆ ಸ್ಕ್ರೂ ಡ್ರೈವರ್ ತುದಿ ಒತ್ತಿ. ಒಳಗೆ ಹೋಗದಿದ್ದರೆ ಅದು ಮೇಲಿನ ತುಕ್ಕು. ವೈರ್ ಬ್ರಷ್‌ನಿಂದ ಹೊಳಪು ಬರುವವರೆಗೆ ಉಜ್ಜಿ, ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಒಣಗಿದ ಮೇಲೆ ಪ್ರೈಮರ್. ಅಂಗಡಿಯಲ್ಲಿ ಕೇಳಿದರೆ ಕಿಟಕಿ ಗ್ರಿಲ್ಲಿಗೆ ಹೊಡೆಯುವ ರೆಡ್ ಆಕ್ಸೈಡ್ ಕೊಡುತ್ತಾರೆ. ಅದು ಅಗ್ಗ, ಆದರೆ ತೇವ ತಡೆಯುವುದರಲ್ಲಿ ಎರಡು ಡಬ್ಬಿ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಮುಂದೆ ಅದು ನಿಲ್ಲುವುದಿಲ್ಲ. ಇಷ್ಟು ಕಷ್ಟಪಟ್ಟು ಬಿಚ್ಚಿ ಇಲ್ಲಿ ದುಡ್ಡು ಉಳಿಸಬೇಡಿ.

ಸ್ಕ್ರೂ ಡ್ರೈವರ್ ತೂರಿ ರಸ್ತೆ ಕಂಡರೆ ಪ್ಯಾಚ್ ಹಾಕಿಸಬೇಕು. ನನ್ನದು ಕಂಡಿತು. ಡ್ರೈವರ್ ಕಾಲಿನ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ತೂತು. ಮಿಸ್ತ್ರಿ ಬಗ್ಗಿ ನೋಡಿ, "ಸಾಹೇಬ್ರ, ಪತ್ರಾ ಪೂರಾ ತಿಂದಾದ. ಕಾರ್ಪೆಟ್ ಮ್ಯಾಲೆ ಗಾಡಿ ಓಡಿಸೀರಿ ಇಷ್ಟ್ ದಿನ" ಅಂದ. ವೆಲ್ಡಿಂಗ್‌ಗೆ ಮುಂಚೆ ಸುತ್ತ ಒಂದು ಗೇಣು ಡಾಂಬರ್ ತೆಗೆದಿರಬೇಕು, ಫ್ಲೋರ್ ಕೆಳಗಡೆಯ ಕೋಟಿಂಗ್ ಕೂಡ. ಇಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ. ಬಕೆಟ್ ನೀರು, ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ. ಫೈಬರ್ ಹಚ್ಚಿ ಮುಚ್ಚಿಕೊಡುತ್ತೇನೆ ಅನ್ನುವವರೂ ಇದ್ದಾರೆ. ಸೀಟಿನ ಬೋಲ್ಟು, ಬೆಲ್ಟಿನ ಬೋಲ್ಟು ಕೂರುವ ಹತ್ತಿರ ಅದಕ್ಕೆ ಒಪ್ಪಬೇಡಿ.

ಹಾಳೆ ತೆಗೆದು ಹಾಗೇ ಬಿಟ್ಟರೆ ಮೈಲೇಜ್ ಜಾಸ್ತಿ ಆಗುತ್ತಾ?

ಇಲ್ಲ. ಸಣ್ಣ ಕಾರಿನಲ್ಲಿ ಅದರ ತೂಕ ಕೆಲವೇ ಕೆಜಿ. ಒಬ್ಬ ದಪ್ಪ ಗೆಳೆಯನನ್ನು ಇಳಿಸಿದರೆ ಅದಕ್ಕಿಂತ ಜಾಸ್ತಿ ಉಳಿತಾಯ. ಸದ್ದು ಮಾತ್ರ ಖಂಡಿತ ಜಾಸ್ತಿಯಾಗುತ್ತದೆ, ಬೇಸಿಗೆಯಲ್ಲಿ ಸೈಲೆನ್ಸರ್ ಪೈಪಿನ ಕಾವೂ ಕಾಲಿಗೆ ತಟ್ಟುತ್ತದೆ.

ಹೊಸದಾಗಿ ಏನು ಹಾಕಲಿ?

ಬ್ಯುಟೈಲ್ ರಬ್ಬರ್ ಶೀಟ್, ಮೇಲೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು, 2 ಮಿಲಿಮೀಟರ್ ಸಾಕು. ಮಾಳಿಗೆ ಸೋರುವುದಕ್ಕೆ ಹಚ್ಚುವ ಡಾಂಬರ್ ಟೇಪ್ ಅಗ್ಗ ಅಂತ ಹಾಕಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಜಾರುತ್ತದೆ, ಕಾರೆಲ್ಲ ರಸ್ತೆ ಕೆಲಸದ ವಾಸನೆ. ಇಡೀ ಫ್ಲೋರ್ ಮುಚ್ಚುವುದೂ ಬೇಕಿಲ್ಲ. ಅಗಲವಾದ ಸಪಾಟು ಜಾಗದ ನಡುವೆ ಕಾಲು ಭಾಗ ಮುಚ್ಚಿದರೂ ನಡುಕ ಬಹುತೇಕ ಸಾಯುತ್ತದೆ. ರೋಲರ್‌ನಿಂದ ಒತ್ತಿ ಒತ್ತಿ ಅಂಟಿಸಿ, ಗಾಳಿಗುಳ್ಳೆ ಉಳಿದರೆ ಅಲ್ಲೇ ತೇವ ಕೂರುತ್ತದೆ. ರಬ್ಬರ್ ಪ್ಲಗ್ ಮೇಲೆ ಅಂಟಿಸಬೇಡಿ.

ಅದರ ಮೇಲೆ ಫೆಲ್ಟ್, ಕಾರ್ಪೆಟ್. ಅಷ್ಟೇ. ಅಂಗಡಿಯವರು ಕಾರ್ಪೆಟ್ ಮೇಲೆ ಸ್ಪಂಜು ಇಟ್ಟು ರೆಕ್ಸಿನ್ ಹೊಲಿದು ಪೂರ್ತಿ ಮ್ಯಾಟಿಂಗ್ ಮಾಡಿಕೊಡುತ್ತಾರಲ್ಲ, ಅದರ ಮೇಲೆ ನನಗೆ ಸಿಟ್ಟಿದೆ. ನನ್ನ ಕಾರಿಗೂ ಒಬ್ಬರು ಹಾಕಿಕೊಟ್ಟಿದ್ದರು. ಆಗ ಮಳೆಗಾಲ, ಕೆಳಗಿನ ಕಾರ್ಪೆಟ್ ಒದ್ದೆ ಇತ್ತು. ನೋಡದೆ ಮೇಲೆ ಅಂಟು ಬಳಿದು ಮುಚ್ಚಿದರು. ಮೇಲೆ ನೋಡಿದರೆ ಮಿರಮಿರ, ಧೂಳು ಒರೆಸಿದರೆ ಹೋಗುತ್ತದೆ. ಒಳಗೆ ಆರು ವರ್ಷ ನೀರು ಆರಲೇ ಇಲ್ಲ. ನನ್ನ ತೂತಿನ ಕಥೆ ಇಷ್ಟೇ. ಹಾಕಿಸಲೇಬೇಕು ಅನ್ನುವವರು ಎತ್ತಿ ಒಣಗಿಸಲು ಬರುವ ಬಿಡಿ ಮ್ಯಾಟ್ ತೆಗೆದುಕೊಳ್ಳಿ.

ಪ್ರವಾಹದ ನೀರು ಹೊಕ್ಕ ಗಾಡಿಗೆ ಬೇರೆ ರೀತಿ ಏನಾದರೂ ಮಾಡಬೇಕಾ?

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ನೀರಲ್ಲಿ ನಿಂತ ಗಾಡಿಯೊಂದನ್ನು ಬಿಚ್ಚಿದ್ದೆ. ಹಾಳೆಯ ಕೆಳಗೆ ಎರೆಮಣ್ಣು ತೆಳುವಾಗಿ, ಸಾರಿಸಿದ ಹಾಗೆ ಕೂತಿತ್ತು. ಎರೆಮಣ್ಣು ತೇವವನ್ನು ಬಿಡುವುದಿಲ್ಲ ಅಂತ ಹೊಲದವರಿಗೆ ಹೇಳಬೇಕಿಲ್ಲ. ಅಂಥ ಗಾಡಿಯಲ್ಲಿ ಮಾತ್ರ ಎದ್ದ ಹಾಳೆ, ಏಳದ ಹಾಳೆ ಅಂತ ನೋಡದೆ ಅನುಮಾನ ಬಂದಲ್ಲೆಲ್ಲ ಕೀಳಿ. ರಬ್ಬರ್ ಪ್ಲಗ್ಗು ತೆಗೆದು ಸಿಹಿನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಬಾಗಿಲು ತೆರೆದಿಡಿ. ಫೆಲ್ಟು, ಸ್ಪಂಜು ಎಸೆಯಿರಿ. ತೊಳೆದರೂ ವಾಸನೆ ಹೋಗುವುದಿಲ್ಲ.

ಗ್ಯಾರೇಜಿಗೆ ಕೊಟ್ಟರೆ ಮಾಡುತ್ತಾರಾ?

ಡೆಂಟಿಂಗ್-ಪೇಂಟಿಂಗ್ ಮಾಡುವವರು ಮಾಡುತ್ತಾರೆ. ಆದರೆ ಇದು ಹೊತ್ತು ತಿನ್ನುವ ಕೆಲಸ, ಅವರಿಗೆ ಗಿಟ್ಟುವುದಿಲ್ಲ, ಹಾಗಾಗಿ ಅವಸರ ಮಾಡುತ್ತಾರೆ. ಕೀಳುವುದು, ಒರೆಸುವುದು ನೀವೇ ಮಾಡಿ, ವೆಲ್ಡಿಂಗ್ ಮಾತ್ರ ಅವರಿಗೆ ಕೊಡಿ. ಪ್ರೈಮರ್ ಹೊಡೆಯುವ ಮುಂಚೆ ಒಮ್ಮೆ ಹೋಗಿ ನಿಮ್ಮ ಕಣ್ಣಿಂದ ತಗಡು ನೋಡಿ.

ಕಿತ್ತ ಚೂರುಗಳನ್ನು ಏನು ಮಾಡಲಿ?

ಸುಡಬೇಡಿ. ಚಳಿಗಾಲದಲ್ಲಿ ಬೆಂಕಿ ಕಾಯಿಸಲು ಕೂತವರು ಇದನ್ನು ಕಂಡರೆ ಬಿಡುವುದಿಲ್ಲ, ಚೆನ್ನಾಗಿ ಉರಿಯುತ್ತದೆ ಅಂತ ಹಾಕಿಬಿಡುತ್ತಾರೆ. ಆ ಕರಿ ಹೊಗೆ ಓಣಿಗೆಲ್ಲ. ಸಿಮೆಂಟ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಒಣಕಸದ ಗಾಡಿಗೆ ಕೊಡಿ. ನನ್ನ 800ರ ಎರಡು ಗುಂಡಿಯಿಂದ ಅರ್ಧ ಚೀಲ ಬಂತು. ಟರ್ಪಂಟೈನ್ ಬಟ್ಟೆಗಳನ್ನು ಉಂಡೆ ಮಾಡಿ ಅದರೊಳಗೆ ತುರುಕಬೇಡಿ, ಹರಡಿ ಒಣಗಿಸಿ ಆಮೇಲೆ ಹಾಕಿ.